ಹಗ್ಗದ ಇನ್ನೊಂದು ತುದಿ

ಹಗೇವಿನ ಅಂಬಣ್ಣ ದೇವರ ವಾಕ್ಯ ಕೇಳಲು ಬಂದ ದಿನ ನಮ್ಮ ಮನೆಯಲ್ಲಿ ಊಟ ಆರಿಹೋಗುತ್ತಿತ್ತು. ನಮ್ಮಪ್ಪ ಸಮುವೇಲಪ್ಪ ಯಾದಗಿರಿಯ ಸುತ್ತಲಿನ ಹಳ್ಳಿಗಳಿಗೆ ಪಾದ್ರಿ. ಪ್ರಾರ್ಥನೆ ಮುಗಿದು ಎಲ್ಲರೂ ಎದ್ದು ಹೋದರೂ ಅಂಬಣ್ಣ ಬಾಗಿಲ ಬಳಿ ಗಟ್ಟಿಯಾಗಿ ಕುಳಿತಿರುತ್ತಿದ್ದ. "ಒಂದ ಮಾತು ಕೇಳ್ತೀನ್ರಿ," ಎಂದು ಶುರು ಮಾಡಿದರೆ ಮುಗಿಯಿತು. ಆ ಗಲಿಲಾಯ ಸಮುದ್ರ ನಮ್ಮ ಭೀಮೆಗಿಂತ ಅಗಲವೇ, ತಪ್ಪಿಸಿಕೊಂಡ ಕುರಿ ಕರಿಯದೋ ಬಿಳಿಯದೋ, ಸತ್ತ ಲಾಜರನು ಎದ್ದು ಬಂದ ಮೇಲೆ ಮೊದಲು ಏನು ಉಂಡ. ಅಪ್ಪನಿಗೆ ಬೇಸರವೆಂಬುದೇ ಇರಲಿಲ್ಲ. ನಾನು ಮದುವೆಯ ವಯಸ್ಸಿಗೆ ಬಂದ ಹುಡುಗಿ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಳಗಿನಿಂದ ಪಾತ್ರೆ ಬಡಿದು ಸದ್ದು ಮಾಡುತ್ತಿದ್ದೆ. ಆದರೂ ಅವನ ಪ್ರಶ್ನೆಗೆ ಅಪ್ಪ ಏನು ಹೇಳುತ್ತಾರೋ ಎಂದು ಕಿವಿ ಮಾತ್ರ ಹೊರಗೇ ಇರುತ್ತಿತ್ತು.

ಅದು ಯುದ್ಧದ ಕಾಲ. ನಿಜಾಮ ಸರಕಾರ ಕಡ್ಡಾಯವಾಗಿ ಕಾಳು ವಸೂಲು ಮಾಡುವ ಲೆವಿಗೆ ಹೆದರಿ ಜನ ಜೋಳವನ್ನು ಹಗೇವಿನಲ್ಲೇ ಇಡುತ್ತಿದ್ದರು. ಹಗೇವೆಂದರೆ ಅಂಗಳದಲ್ಲಿ ಆಳಕ್ಕೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಆದರೆ ಒಳಗೆ ಕೆಟ್ಟ ಗಾಳಿ ನಿಲ್ಲುತ್ತದೆ. ಹಾಗಾಗಿ ಹಿಂದಿನ ದಿನವೇ ಕಲ್ಲು ಸರಿಸಬೇಕು, ಮರುದಿನ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಉರಿದರೆ, ಇಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ತನ್ನ ಕೈಯಾರೆ ಮೇಲಿನವನಿಗೆ ಕೊಡಬೇಕು. ಮೇಲಿನವನು ತಾನಾಗಿ ಎತ್ತಿಕೊಳ್ಳಬಾರದು. ಹಗೇವಿಗೆ ಇಳಿದು ಕಾಳು ತೆಗೆಯುವುದೇ ಕಸುಬಾದ ಅಂಬಣ್ಣನ ಮನೆತನದಲ್ಲಿ ಇದು ಅಜ್ಜನ ಕಾಲದ ರೂಢಿ.

ಆ ರೂಢಿಯನ್ನು ಅವನು ಬಿಟ್ಟುಬಿಟ್ಟಿದ್ದ. ಅವನ ತಮ್ಮ ದೇವಿಂದ್ರ ಶಹಾಪುರದ ಒಂದು ಹಗೇವಿನಲ್ಲಿ ತೀರಿಕೊಂಡಿದ್ದ. ಅಂದು ಹಗ್ಗ ಹಿಡಿದಿದ್ದವನು ಹಮಾಲ ಮನ್ಸೂರಅಲಿ, ಅಣ್ಣ ತಮ್ಮ ಇಬ್ಬರಿಗೂ ಚಿಕ್ಕಂದಿನ ಗೆಳೆಯ. ಚೀಲ ತುಂಬಲು ತೊಡಕಾಗುತ್ತದೆಂದು ದೇವಿಂದ್ರ ಒಳಗೆ ಹಗ್ಗ ಬಿಚ್ಚಿಕೊಂಡಿದ್ದ; ಮೂಲೆಯಲ್ಲಿ ನಿಂತ ಗಾಳಿ ಅವನನ್ನು ಕೆಡವಿತು. ಮನ್ಸೂರಅಲಿ ಎಳೆದಾಗ ಮೇಲೆ ಬಂದದ್ದು ಬರೀ ಹಗ್ಗ. ತಪ್ಪು ಅವನದಲ್ಲ ಎಂದು ಎಲ್ಲರೂ ಹೇಳಿದರು, ಅಂಬಣ್ಣನೂ ಹೌದೆಂದ. ಆದರೆ ಅಂದಿನಿಂದ ಯಾರ ಕೈಗೂ ಹಗ್ಗ ಕೊಡಲಿಲ್ಲ. ಮರಕ್ಕೋ ಗಾಡಿಯ ಗಾಲಿಗೋ ಕಟ್ಟಿ ಇಳಿದು, ಅದನ್ನೇ ಹಿಡಿದು ಹತ್ತಿ ಬರುತ್ತಿದ್ದ. ಮರ ನಿನ್ನನ್ನು ಮೇಲೆಳೆಯುತ್ತದೇನೋ ಎಂದು ಕೇಳಿದರೆ, "ಮರ ಕೈ ಬಿಡೂದಿಲ್ಲಲ್ರಿ," ಎನ್ನುತ್ತಿದ್ದ. ಅವನೇ ಕೊಡದ ಮೇಲೆ ಬೇರೆಯವರೂ ಮನ್ಸೂರಅಲಿಗೆ ಹಗ್ಗ ಕೊಡಲಿಲ್ಲ. ಅವನು ಚೀಲ ಹೊರುವುದಕ್ಕಷ್ಟೇ ಬರುತ್ತಿದ್ದ, ಗೋಡೆಯ ಆಚೆ ಕೂರುತ್ತಿದ್ದ.

ಇಷ್ಟು ವರ್ಷ ವಾಕ್ಯ ಕೇಳಿದರೂ ಅಂಬಣ್ಣ ದೀಕ್ಷಾಸ್ನಾನಕ್ಕೆ, ಎಂದರೆ ತಲೆಯ ಮೇಲೆ ನೀರು ಹಾಕಿಸಿಕೊಂಡು ಕ್ರೈಸ್ತನಾಗುವುದಕ್ಕೆ, ಒಪ್ಪಿರಲಿಲ್ಲ. ಆಸೆಯೇನೋ ಇತ್ತು, ಅದಿಲ್ಲದಿದ್ದರೆ ನಮ್ಮ ಊಟ ಕೆಡಿಸಲು ಅಷ್ಟು ದೂರ ಯಾಕೆ ನಡೆದು ಬರುತ್ತಿದ್ದ. "ನಿನ್ನನ್ನ ನೀನ ದೇವರಿಗೆ ಒಪ್ಪಿಸಿಬಿಡು, ಅಂಬಣ್ಣ," ಎಂದು ಅಪ್ಪ ಹೇಳಿದಾಗಲೆಲ್ಲ ಅವನು ತಲೆ ಕೆರೆದುಕೊಳ್ಳುತ್ತಿದ್ದ.

"ದನಾ ಒಪ್ಪಿಸಬಹುದು, ಹೊಲಾ ಒಪ್ಪಿಸಬಹುದು. ನನ್ನ ನಾನ ಎತ್ತಿ ಹ್ಯಾಂಗ ಕೊಡ್ಲಿ, ಹೇಳ್ರಿ?"

ಅಪ್ಪ ಹೇಳಿದ ಯಾವ ಉತ್ತರವೂ ಅವನ ಮನಸ್ಸಿಗೆ ಹತ್ತಲಿಲ್ಲ.

ಆ ವರ್ಷ ಈಸ್ಟರ್ ಪ್ರಾರ್ಥನೆ ಮುದನಾಳದ ಮಲ್ಲಿಕಮ್ಮನ ಅಂಗಳದಲ್ಲಿ. ಹಬ್ಬದ ಅಡುಗೆಗೆ ಜೋಳ ತೆಗೆಯಬೇಕೆಂದು ಅವಳು ಹಿಂದಿನ ದಿನವೇ ಹಗೇವು ತೆಗೆಸಿದ್ದಳು. ಬೆಳಗಿನ ತಂಪಿನಲ್ಲಿ ನಾವು ಬೇವಿನ ಕೆಳಗೆ ಕುಳಿತಿದ್ದೆವು. ಪಕ್ಕದಲ್ಲೇ ಹಗೇವು ಬಾಯಿ ತೆರೆದುಕೊಂಡಿತ್ತು, ಕಲ್ಲು ಅತ್ತ ಬಿದ್ದಿತ್ತು. ಹೆಂಗಸರು ಯೇಸುವಿನ ಸಮಾಧಿಗೆ ಬಂದು ನೋಡುತ್ತಾರೆ, ಕಲ್ಲು ಸರಿದಿದೆ ಎಂದು ಅಪ್ಪ ಹೇಳುತ್ತಿದ್ದಂತೆ ಅಂಬಣ್ಣ ಎದ್ದು ನಿಂತ.

"ಕಲ್ಲು ಹಿಂದಿನ ದಿನಾನ ಸರಿಸಿದ್ರೇನ್ರಿ, ಗಾಳಿ ಹೋಗ್ಲಂತ?"

ಎಲ್ಲರೂ ನಕ್ಕರು. ಅವನು ಇಷ್ಟು ವರ್ಷವೂ ಯೇಸುವನ್ನು ಹಗೇವಿನಲ್ಲಿ ಇಟ್ಟಿದ್ದರೆಂದೇ ತಿಳಿದಿದ್ದ.

"ಅದು ಬಂಡೆಗಲ್ಲಿನೊಳಗ ಕೊರೆದ ಗವಿ, ಅಂಬಣ್ಣ," ಎಂದರು ಅಪ್ಪ.

"ಗವೀನ ಇರ್ಲಿ. ಅಂಥಾ ಕತ್ತಲದಾಗ ಇಳಿದಾವ ಮ್ಯಾಲ ಬರಬೇಕಂದ್ರ ಹಗ್ಗ ಬೇಕಲ್ರಿ. ಅದು ಯಾರ ಕೈಯಾಗಿತ್ತು?"

ಈ ಸಲ ಯಾರೂ ನಗಲಿಲ್ಲ. ಅಪ್ಪ ಪುಸ್ತಕ ಮುಚ್ಚಿದರು.

"ಅವನ ತಂದೀ ಕೈಯಾಗ. ಪ್ರಾಣ ಬಿಡೂವಾಗ ತನ್ನನ್ನ ತಂದಿಗೆ ಒಪ್ಪಿಸಿಬಿಟ್ಟ."

"ಮ್ಯಾಲ ಎಳೀತಾನಂತ ಖಾತ್ರಿ ಇತ್ತೇನ್ರಿ ಅವಗ?"

"ಏನೂ ಕಾಣ್ತಿದ್ದಿಲ್ಲ. ನನ್ನ ಯಾಕ ಕೈ ಬಿಟ್ಟಿ ಅಂತ ಶಿಲುಬೀ ಮ್ಯಾಲ ಕೂಗಿದ್ದ. ಕೂಗಿ, ಆಮ್ಯಾಲ ಅದ ಕೈಗೇ ಒಪ್ಪಿಸಿದ."

"ಬಿಟ್ಟ ಕೈಗೇ?"

"ಬಿಟ್ಟದ ಅಂತ ಅನಿಸಿದ ಕೈಗೇ."

ಅಂಬಣ್ಣ ಕುಳಿತ. ಮತ್ತೊಂದು ಪ್ರಶ್ನೆ ಬರಲಿಲ್ಲ. ಇವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ.

ಪ್ರಾರ್ಥನೆ ಮುಗಿದ ಮೇಲೆ ದೀಪ ಇಳಿಸಿದರು. ತಳದಲ್ಲೂ ಚೆನ್ನಾಗಿ ಉರಿಯಿತು. ಅಂಬಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಂದಿನಂತೆ ಬೇವಿನ ಮರದ ಕಡೆ ಹೋದ, ಒಂದು ಸುತ್ತು ಸುತ್ತಿದ. ಅಲ್ಲೇ ನಿಂತ. ಆಮೇಲೆ ಆ ಸುತ್ತು ಬಿಚ್ಚಿ, ಗೋಡೆಯ ಆಚೆ ಚೀಲಗಳ ಮೇಲೆ ಕುಳಿತಿದ್ದ ಮನ್ಸೂರಅಲಿಯ ಮುಂದೆ ಹೋಗಿ ತುದಿಯನ್ನು ಚಾಚಿದ.

"ಹಿಡಿ."

ಮನ್ಸೂರಅಲಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. "ನನ್ನ ಕೈ ಬ್ಯಾಡೋ. ಮರಕ್ಕ ಕಟ್ಟು."

"ಮರಕ್ಕ ಕಟ್ಟಿ ಕಟ್ಟಿ ಸಾಕಾಗ್ಯಾದ."

ಅವನ ಕೈ ಮುಂದಕ್ಕೆ ಎಳೆದು, ಹಗ್ಗ ಇಟ್ಟು, ಬೆರಳು ಮಡಿಸಿದ. ಇಬ್ಬರೂ ಹಗೇವಿನ ಬಳಿ ಬಂದರು. ಅಂಬಣ್ಣ ಬಾಯಿಯ ಅಂಚನ್ನು ಹಿಡಿದು ಇಳಿಬಿದ್ದ, ಮೇಲಿನವನ ಮುಖ ನೋಡಿದ, ಅಂಚು ಬಿಟ್ಟ. ನನಗೆ ಅಳು ಬಂತು. ಯಾಕೆಂದು ಆಗ ಗೊತ್ತಾಗಲಿಲ್ಲ.

ಚೀಲಗಳು ಬಂದವು. ಕೊನೆಗೆ ಅಂಬಣ್ಣ ಬಂದ, ಮೈಯೆಲ್ಲ ಜೋಳದ ಧೂಳು. ಮನ್ಸೂರಅಲಿ ಕಣ್ಣು ಮುಚ್ಚಿಕೊಂಡು ಇನ್ನೂ ಹಗ್ಗವನ್ನು ಎದೆಗೆ ಒತ್ತಿ ಹಿಡಿದಿದ್ದ.

"ಬಿಡೋ, ಮ್ಯಾಲ ಬಂದೀನಿ."

"ಇರು. ಇನ್ನ ಸ್ವಲ್ಪ ಹೊತ್ತು ಹಿಡೀತೀನಿ."

ಅಂಬಣ್ಣ ಒತ್ತಾಯ ಮಾಡಲಿಲ್ಲ. ಅಪ್ಪನ ಕಡೆ ತಿರುಗಿ, "ನೀರು ತರ್ರಿ, ಪಾದ್ರಿಗಳ. ಕೊಡೂದು ಹ್ಯಾಂಗಂತ ತಿಳೀತು," ಎಂದ. ನಾನೇ ಓಡಿಹೋಗಿ ಚೊಂಬು ತಂದೆ. ಅಪ್ಪ ಅವನ ತಲೆಯ ಮೇಲೆ ನೀರು ಹಾಕಿದಾಗ ಸೊಂಟದಲ್ಲಿ ಹಗ್ಗ ಹಾಗೇ ಇತ್ತು, ಇನ್ನೊಂದು ತುದಿ ಮನ್ಸೂರಅಲಿಯ ಕೈಯಲ್ಲಿತ್ತು.