ಸೂರು ನೀರಿನ ಗೆರೆ

ನೆನೆದ ಸಿಮೆಂಟಿನ ವಾಸನೆ ನನಗೆ ಆಗಿಬರುವುದಿಲ್ಲ. ಕಳೆದ ವಾರ ಅರಕೆರೆಯಲ್ಲಿ ಬಸ್ಸಿಳಿದು ನಮ್ಮ ಹಳೆಯ ಬೀದಿಗೆ ತಿರುಗುವಷ್ಟರಲ್ಲಿ ಮಳೆ ಹಿಡಿಯಿತು. ಬೆಳಗಿನಿಂದ ಕಾದಿದ್ದ ಗೋಡೆಗಳ ಮೇಲೆ ದಪ್ಪ ಹನಿ ಬಿದ್ದು ಆ ವಾಸನೆ ಎದ್ದಿತು. ನಾನು ಹುಡುಗನಾಗಿದ್ದಾಗ ಇದೇ ಬೀದಿಯಲ್ಲಿ ಮಳೆ ಬಂದರೆ ಸಗಣಿ ಸಾರಿಸಿದ ಜಗಲಿಯ, ಅಟ್ಟದ ಒಣಹುಲ್ಲಿನ, ಬೆಚ್ಚಗಿನ ಮಣ್ಣಿನ ವಾಸನೆ ಬರುತ್ತಿತ್ತು. ಗೋಡೆಗಳು ಮಾತ್ರ ನೆನೆಯುತ್ತಿರಲಿಲ್ಲ. ಗೋಡೆಯಿಂದ ಆರೇಳು ಅಡಿ ಆಚೆಗೆ ಚಾಚಿದ ಹೆಂಚಿನ ಸೂರು ಅವನ್ನು ಕಾಯುತ್ತಿತ್ತು. ನಮ್ಮ ಮನೆಯ ಸೂರನ್ನು ಕುಯ್ಯಿಸಿದವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮನೆ ಪೂರ್ವಕ್ಕೆ ಮುಖ ಮಾಡಿತ್ತು. ಹಸಿ ಇಟ್ಟಿಗೆಯ ಗೋಡೆ, ನಾಡಹೆಂಚು, ಮುಂದೆ ಐದು ಚಪ್ಪಡಿಯ ಜಗಲಿ. ಅಪ್ಪ ಅವ್ವ ಇಬ್ಬರೂ ಹೊತ್ತಿಗೆ ಮುಂಚೆ ಗದ್ದೆಗೆ ಹೋಗಿಬಿಡುತ್ತಿದ್ದರು. ನನ್ನನ್ನೂ ತಮ್ಮ ನಿಂಗರಾಜುವನ್ನೂ ನಡೆಸುತ್ತಿದ್ದವಳು ಅಪ್ಪನ ತಾಯಿ ಕೆಂಪಜ್ಜಿ. ಅವಳ ಬಳಿ ಗಡಿಯಾರ ಇರಲಿಲ್ಲ, ಸೂರಿನ ನೆರಳು ಇತ್ತು. ಬೆಳಗಿನ ಎಳೆಬಿಸಿಲು ಹೊಸ್ತಿಲನ್ನು ಮುಟ್ಟಿದಾಗ ನಾವು ಎದ್ದಿರಬೇಕು. ಹೊತ್ತು ಏರಿದಂತೆ ನೆರಳಿನ ಅಂಚು ಬಿಸಿಲನ್ನು ಹೊರಕ್ಕೆ ತಳ್ಳುತ್ತಾ ಬರುತ್ತಿತ್ತು. ಎರಡನೇ ಚಪ್ಪಡಿಗೆ ಬಂದರೆ ಕರುವಿಗೆ ಹುಲ್ಲು, ಮೂರನೆಯದಕ್ಕೆ ಸ್ನಾನ, ನಾಲ್ಕನೆಯದಕ್ಕೆ ಬಂದಾಗ ಚೀಲ ಹೆಗಲಲ್ಲಿರಬೇಕು. "ನೆಳ್ಳು ಬಂದು ನಿಂತದೆ, ನೀನಿನ್ನೂ ಮುದ್ದೆ ಮುಂದೆ ಕುಂತಿದ್ದೀಯಲ್ಲಾ" ಎಂದು ಬೆನ್ನಿಗೆ ಒಂದು ಬಿಡುತ್ತಿದ್ದಳು. ಮುಂದೆ ನಾನು ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ವೇಳೆ ಬರೆಯುವ ಕೆಲಸ ಮಾಡಿದೆ. ಒಂದು ದಿನವೂ ತಡವಾಗಿ ಹೋದವನಲ್ಲ. ಅದು ಆ ಜಗಲಿಯಲ್ಲಿ ಕಲಿತದ್ದು.

ಮಳೆ ಬಂದಾಗ ಸೂರಿನ ಕೆಳಗಿನ ಜಾಗ ಬೀದಿಯವರದಾಗುತ್ತಿತ್ತು. ಬಳೆಯವನು, ಕಬ್ಬು ಕಡಿದು ಬಂದ ಆಳುಗಳು, ಯಾರದೋ ಆಡು, ಎಲ್ಲರೂ ಒಂದೇ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಾನೊಮ್ಮೆ ಒಬ್ಬನನ್ನು "ನೀನ್ಯಾರು" ಎಂದು ಕೇಳಿ ಅಜ್ಜಿಯಿಂದ ಬೈಸಿಕೊಂಡೆ. ಮಳೆ ನಿಲ್ಲುವವರೆಗೆ ಸೂರಿನ ಕೆಳಗೆ ನಿಂತವರ ಊರು, ಕುಲ, ಹೆಸರು ಕೇಳಬಾರದು ಎಂಬುದು ನಮ್ಮ ಮನೆಯ ನಡವಳಿಕೆ. ಅವರ ಕಾಲಿನ ಮುಂದೆ ಹೆಂಚಿನ ತುದಿಯಿಂದ ನೀರು ಸುರಿದು ನೆಲದಲ್ಲಿ ಸಣ್ಣ ಗುಳಿಗಳ ಸಾಲು ತೋಡುತ್ತಿತ್ತು. ಊರಿನಲ್ಲಿ ಯಾರದಾದರೂ ಜಾಗದ ತಕರಾರು ಎದ್ದರೆ ಹಿರಿಯರು ಆ ಗುಳಿಗಳನ್ನೇ ನೋಡುತ್ತಿದ್ದರು. ಸೂರು ನೀರು ಬೀಳುವವರೆಗೂ ಜಾಗ ಆ ಮನೆಯವರದು.

ಈ ವಾಡಿಕೆಯೇ ನಮ್ಮನ್ನು ಕೆಡಿಸಿತು. ನನಗೆ ಮೂವತ್ತು ದಾಟಿತ್ತು, ಅಪ್ಪ ಅವ್ವ ತೀರಿಕೊಂಡಿದ್ದರು. ನಿಂಗರಾಜುವಿಗೆ ಒಂದು ಕೋಣೆ ಬೇಕಿತ್ತು. "ನೀರು ಬೀಳೋಗಂಟ ನಮ್ದೇ ಕಣಣ್ಣ. ಆ ಜಾಗ ಯಾವನ್ಗೆ ಅಂತ ಬುಟ್ಟಿದ್ದೀವಿ?" ಎಂದ. ಅಜ್ಜಿ ಒಳಗಿನಿಂದಲೇ ಹೇಳಿದಳು: "ಗ್ವಾಡೆಗೆ ಬುಟ್ಟಿರದು ಕಣ್ಲಾ. ತಲೆ ಮ್ಯಾಲಿನ ಸೆರಗ ಕಿತ್ತಾಕಿ ಬಿಸ್ಲಲ್ಲಿ ನಿಲ್ಸೀರಾ ಅದ್ನ?" ನಾನು ಓದಿದವನು, ಪಟ್ಟಣದಲ್ಲಿ ಸಂಬಳ ಎಣಿಸುವವನು. "ಸಿಮೆಂಟಿಗೆ ಏನೂ ಆಗಲ್ಲ ಸುಮ್ನಿರಜ್ಜಿ" ಎಂದೆ. ಟೇಪು ಹಿಡಿದು ಗುಳಿಗಳ ಸಾಲಿನ ಮೇಲೆಯೇ ದಾರ ಎಳೆದವನೂ ನಾನೇ. ಜಗಲಿ ಕೋಣೆಯ ಹೊಟ್ಟೆಗೆ ಹೋಯಿತು. ಹೊಸ ಗೋಡೆ ಬೀದಿಯ ಅಂಚಿಗೆ ಬಂದು ನಿಂತಿತು. ಅದರ ಆಚೆಗೆ ಒಂದು ಗೇಣು ಸಜ್ಜಾ ಚಾಚಲೂ ಜಾಗ ಉಳಿಯಲಿಲ್ಲ. ಎಲ್ಲ ಒಂದೇ ಸಮ ಕಾಣಲಿ ಎಂದು ಮನೆಯ ಪಕ್ಕದ ಓಣಿಯ ಕಡೆಯ ಹಳೆಯ ಮಣ್ಣುಗೋಡೆಯ ಸೂರನ್ನೂ ಗರಗಸದಲ್ಲಿ ಕುಯ್ಯಿಸಿದೆವು. ನೂರು ವರ್ಷದ ತೇಗದ ತೊಲೆಗಳ ತುದಿಗಳು ನೀರೊಲೆಗೆ ಹೋದವು. ಈಗಲೂ ನೆನೆದರೆ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬಿಸಿಲು ನೇರವಾಗಿ ಗೋಡೆಗೆ ಬಡಿದು ಹತ್ತು ಗಂಟೆಗೆಲ್ಲ ಆ ಕೋಣೆ ಕಾದ ಹಂಚಾಗುತ್ತಿತ್ತು. ಇರಚಲು ಹೊಡೆದು ಒಂದೇ ಮಳೆಗಾಲಕ್ಕೆ ಕಿಟಕಿ ಉಬ್ಬಿ ಮುಚ್ಚದಾಯಿತು. ಅಜ್ಜಿ ಬೆಳಗಿನ ಕೆಲಸ ಮುಗಿಸಿ, ಮಣೆ ಹಿಡಿದು, ಬೀದಿ ದಾಟಿ ಎದುರುಮನೆ ಸಾಕಮ್ಮನ ಸೂರಿನ ಕೆಳಗೆ ಹೋಗಿ ಕೂರತೊಡಗಿದಳು. ನಮ್ಮ ಮನೆಗೆ ಮುಖ ಮಾಡಿಕೊಂಡು. "ಮೊಮ್ಮಕ್ಳು ಒಸಾ ರೂಮು ಕಟ್ಸವ್ರೆ, ಇಲ್ಯಾಕಜ್ಜಿ ಕುಂತಿದ್ದೀಯ?" ಎಂದು ಸಾಕಮ್ಮ ಕೆಣಕಿದರೆ, "ಒಳಗಿದ್ರೆ ಬೆಂದೋಯ್ತೀನಿ ಕಣವ್ವ. ಯಾವತ್ತು ಬೀಳ್ತದೋ ಇಲ್ಲಿಂದ ನೋಡ್ತೀನಿ" ಅನ್ನುತ್ತಿದ್ದಳು. ಓಣಿಯ ಗೋಡೆಯ ಬುಡ ನೆಂದ ಬೆಲ್ಲದಂತೆ ಕರಗುತ್ತಿತ್ತು. ಮಳೆ ನಿಂತ ಪ್ರತಿ ಬೆಳಗ್ಗೆ ಅವಳು ಮಣ್ಣು ಕಲಸಿ ಅದಕ್ಕೆ ಮೆತ್ತುತ್ತಿದ್ದಳು. ನಾನು ರಜೆಗೆ ಬಂದಾಗ ನೋಡಿಯೂ ನೋಡದವನಂತೆ ಇದ್ದೆ. ಅವಳು ಹೋದ ಮೇಲಿನ ಮೊದಲ ಮಳೆಗಾಲದಲ್ಲೇ ಗೋಡೆ ಕುಸಿಯಿತು. ಮೆತ್ತುವವರಿರಲಿಲ್ಲ.

ನಿಮ್ಮ ಬೀದಿಯೂ ಈಗ ಹೀಗೇ ಇರಬಹುದು, ಎರಡೂ ಕಡೆ ಬೋಳು ಗೋಡೆ. ಕಳೆದ ವಾರದ ಮಳೆಯಲ್ಲಿ ನಾನು ಆ ತುದಿಯಿಂದ ಈ ತುದಿಗೆ ನಡೆದೆ. ತಲೆಗೆ ಮರೆಯಾಗಲು ಒಂದು ಮೊಳ ಸೂರು ಸಿಗಲಿಲ್ಲ. ನಮ್ಮ ಮನೆಗೆ ಬೀಗ ಹಾಕಿತ್ತು. ಫೋನು ಮಾಡಿದರೆ ನಿಂಗರಾಜು, "ಡೈರಿತಾವ ಇವ್ನಿ ಕಣಣ್ಣ, ಮಳೆ ನಿಂತೇಟ್ಗೆ ಬತ್ತೀನಿ. ಅಲ್ಲೇ ನಿಂತಿರು" ಎಂದ.

"ಎಲ್ಲಿ ನಿಂತಿರಲಿ?" ಎಂದೆ.

"ಮನೆತಾವನೇ ಕಣಣ್ಣ."

ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ವೇಗ ಇಳಿಸಿ ನಕ್ಕ. "ಏನ್ ಯಜಮಾನ್ರೇ, ನಿಮ್ಮನೆ ಮುಂದೇನೇ ನೆನೀತಿದ್ದೀರಿ?" ನಾನೇ ಅಳೆದು ಕಟ್ಟಿಸಿದ ಗೋಡೆಗೆ ಬೆನ್ನು ಒತ್ತಿ ನಿಂತೆ. ಅದರಿಂದ ಇಳಿದ ನೀರು ಕುತ್ತಿಗೆಯ ಹಿಂದಿನಿಂದ ಅಂಗಿಯೊಳಕ್ಕೆ ಹೋಗುತ್ತಿತ್ತು. ಗಡಿಯಾರ ನೋಡಿಕೊಂಡೆ, ಹಾಗೆ ನಿಂತು ಇಪ್ಪತ್ತೆರಡು ನಿಮಿಷ ಆಗಿತ್ತು. ಎದುರಿಗೆ ಸಾಕಮ್ಮನ ಜಗಲಿ ಇದ್ದಲ್ಲಿ ಈಗ ಅಂಗಡಿಯ ಕಬ್ಬಿಣದ ಷಟರ್ ಇದೆ. ಅಲ್ಲಿ ಮಣೆ ಹಾಕಿಕೊಂಡು ಕೂತು ನನ್ನನ್ನು ನೋಡುವವರು ಯಾರೂ ಇರಲಿಲ್ಲ.