ಬಿಟ್ಟು ಬಂದವರ ಚಹಾ

"ಇಲ್ಲಿ ಚಹಾ ಬ್ಯಾಡ ಅನ್ನಂಗಿಲ್ರಿ," ಎಂದು ಗುಂಪಿನ ಹಿರಿಯರೊಬ್ಬರು ಕಪ್ಪನ್ನು ನನ್ನ ಮುಂದೆ ಸರಿಸಿದರು. ಬಬಲೇಶ್ವರದ ಆ ಚಹಾದಂಗಡಿಯಲ್ಲಿ ಸುತ್ತ ಕೂತಿದ್ದವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು.

ಇವರೆಲ್ಲ ಒಂದು ಪಂಥವನ್ನು ಬಿಟ್ಟು ಬಂದವರು. ಅಲ್ಲಿ ಚಹಾ ನಿಷಿದ್ಧ, ಗುರು ಹೇಳಿದ್ದೇ ಕೊನೆಯ ಮಾತು. ಸಂಸ್ಥೆಗಳ ಒಳಗಿನ ಸಂಸ್ಕೃತಿಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ವಿಜಯಪುರದಿಂದ ಬಸ್ಸು ಹತ್ತಿ ಬಂದದ್ದು, ಅಂಥ ಕಟ್ಟುಪಾಡಿನಿಂದ ಹೊರಬಿದ್ದವರು ಹೇಗೆ ಬದುಕುತ್ತಾರೆಂದು ಕೇಳಲು.

ಬಹಳ ಸ್ವತಂತ್ರವಾಗಿ ಬದುಕುತ್ತಿದ್ದರು. ಸಂತೆಯ ದಿನ ಇಲ್ಲಿ ಸೇರುವುದು ಕಡ್ಡಾಯ, ಚಹಾ ಕುಡಿಯುವುದೂ ಕಡ್ಡಾಯ. ನಾನು ಏನೇ ಕೇಳಿದರೂ ಎಲ್ಲರೂ ಮೊದಲು ಹಿರಿಯರ ಮುಖ ನೋಡುತ್ತಿದ್ದರು. ಅವರು ತಲೆಯಾಡಿಸಿದ ಮೇಲೆ, ಈಗ ನಮಗೆ ಯಾರ ಒತ್ತಾಯವೂ ಇಲ್ಲ ಎಂದು ಒಟ್ಟಿಗೆ ಹೇಳುತ್ತಿದ್ದರು. ಚಹಾ ಕುಡಿದರೆ ನನಗೆ ಪಿತ್ತವಾಗುತ್ತದೆ ಎಂದೆ. ಹಿರಿಯರು ಕನಿಕರದಿಂದ ನಕ್ಕರು. "ಅಲ್ಲಿದ್ದಾಗ ನಾವೂ ಮಂದಿ ಮುಂದ ಹಿಂಗ ಹೇಳತಿದ್ವಿ." ಸುಮ್ಮನೆ ಕುಡಿದೆ.

ಬಸ್ ನಿಲ್ದಾಣದವರೆಗೆ ಸಾರವಾಡದ ರೈತರೊಬ್ಬರು ಜೊತೆಗೆ ಬಂದರು. ಅಂಗಡಿಯಲ್ಲಿ ಎಲ್ಲರೊಂದಿಗೆ ದನಿಗೂಡಿಸಿದ್ದವರು ಈಗ ಹಿಂದೆ ತಿರುಗಿ ನೋಡಿ ಮೆಲ್ಲಗೆ ಹೇಳಿದರು: "ನನಗ ಚಹಾ ಸೇರೂದಿಲ್ರಿ ಅಕ್ಕಾರ. ಕುಡೀಲಿಲ್ಲಂದ್ರ ಮತ್ತ ಅಲ್ಲಿಗೇ ಹೊಂಟಾನ ಅಂತಾರ. ಈ ಗುಂಪನ್ನೂ ಬಿಡಬೇಕಂತ ಮಾಡೇನಿ. ಆದ್ರ ಮಾತಾಡಾಕ ನನಗ ಬ್ಯಾರೆ ಯಾರದಾರ್ರಿ?"

ಪ್ರಬಂಧದ ಈ ಅಧ್ಯಾಯಕ್ಕೆ 'ಬಿಡುಗಡೆಯ ನಂತರ' ಎಂದು ನಾನು ಮೊದಲೇ ಹೆಸರಿಟ್ಟಿದ್ದೆ. ಈಗ ಬದಲಾಯಿಸಬೇಕು ಅನಿಸುತ್ತದೆ. ಆದರೆ ಆ ಹೆಸರು ನನ್ನ ಗೈಡ್‌ಗೆ ಬಹಳ ಹಿಡಿಸಿದೆ, ಅವರಿಗೆ ಹಿಡಿಸಿದ್ದನ್ನು ಬದಲಾಯಿಸುವ ಪದ್ಧತಿ ನಮ್ಮಲ್ಲಿಲ್ಲ.