ಹೆಬ್ಬಳ್ಳಿಯಿಂದ ಹುಬ್ಬಳ್ಳಿಗೆ, ಎತ್ತು ಹೂಡದ ದಿನ

ರವಿವಾರ ಬೆಳಗ್ಗೆ ಸಪ್ತಾಪುರದ ಕೋಣೆಯಿಂದ ಹೊರಟಾಗ ಮೋಡ ಕವಿದಿತ್ತು. ಧಾರವಾಡದ ಬಸ್ ನಿಲ್ದಾಣದಲ್ಲಿ ಹೆಬ್ಬಳ್ಳಿ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ಹಳ್ಳಿಯ ಹೆಣ್ಣುಮಕ್ಕಳು ಕ್ಯಾನ್ಸರ್ ಚಿಕಿತ್ಸೆಗೆ ಪೇಟೆಯವರಿಗಿಂತ ತಡವಾಗಿ ಬರುವುದೇಕೆ ಎಂಬ ಸಂಶೋಧನೆಗೆ ನಾವು ನಾಲ್ವರು ಹೊಸಬರು ಸೇರಿದ್ದೆವು. ನಮಗೆ ತರಬೇತಿ ಕೊಡುತ್ತಿದ್ದ ಸುಮಿತ್ರಾ ಮೇಡಂ ಅವರದು ಒಂದೇ ಕಟ್ಟಳೆ: ಯಾರ ಹೆಸರಿನ ಮುಂದೆ ‘ಬರಲಿಲ್ಲ’ ಎಂದು ಬರೆದೆವೋ ಅವರ ಮನೆಗೆ ನಾವೇ ಹೋಗಿ ಕಾರಣ ಕೇಳಬೇಕು.

ನನ್ನ ಪಾಲಿಗೆ ಏಳು ಹೆಸರುಗಳಿದ್ದವು. ಮೊದಲನೆಯದು ಗಂಗವ್ವನದು. ಊರಲ್ಲಿ ತಪಾಸಣೆ ಮಾಡಿದಾಗ ಆಕೆಯ ನಾಲಿಗೆಯ ಬದಿಗೆ ಬಿಳಿ ಮಚ್ಚೆ ಕಂಡಿದ್ದರಿಂದ ಹುಬ್ಬಳ್ಳಿ ಆಸ್ಪತ್ರೆಗೆ ಗುರುವಾರದ ಚೀಟಿ ಕೊಟ್ಟಿದ್ದೆವು. ಎರಡು ಗುರುವಾರ ಕಳೆದರೂ ಆಕೆ ಬಂದಿರಲಿಲ್ಲ.

ಮನೆಗೆ ಬೀಗ ಹಾಕಿತ್ತು. ಎರೆಹೊಲದಲ್ಲಿ ಕೆಸರು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಗಂಡ ನಿಂಗಪ್ಪ ಎತ್ತು ಹೊಡೆಯುತ್ತಿದ್ದ, ಗಂಗವ್ವ ಕೂರಿಗೆಗೆ ಜೋಳದ ಬೀಜ ಬಿಡುತ್ತ ಹಿಂದೆ ನಡೆದಿದ್ದಳು. ಊಟಕ್ಕೆ ಕುಳಿತಾಗ ನನಗೂ ರೊಟ್ಟಿ, ಕೆಂಪು ಚಟ್ನಿ ಕೊಟ್ಟರು. ಆಕೆ ಮಾತ್ರ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಒಂದೇ ದವಡೆಯಲ್ಲಿ ತಿಂದಳು.

“ಖಾರ ಮುಟ್ಟಿದ್ರ ಬೆಂಕಿ ಇಟ್ಟಂಗ ಆಕ್ಕೈತ್ರಿ,” ಎಂದಳು.

“ಮತ್ತ ಬರಂಗಿಲ್ಲ ಅಂದ್ರ ಹೆಂಗ್ರಿ?” ಎಂದೆ ನಾನು.

“ಬರಂಗಿಲ್ಲ ಅಂತ ಯಾರು ಅಂದಾರ್ರಿ ಅಕ್ಕಾರ?” ನಿಂಗಪ್ಪನಿಗೆ ಬೇಸರವಾಗಿತ್ತು. “ಗುರುವಾರ ಎತ್ತು ಹೂಡತೇವಿ. ಬೀಜ ಬಿಡಾಕ ಇಕೀನ ಬೇಕು. ಹದ ಆರಿದ್ರ ಬಿತ್ತಿಗಿ ಹೋತು. ಸೋಮವಾರ ಬಸವಣ್ಣನ ದಿನ, ನೊಗ ಮುಟ್ಟಂಗಿಲ್ಲ. ನಾಳೆ ಅಂದ್ರ ನಾಳೇನ ಬರ್ತೇವಿ.”

ಬಾಯಿ ತೋರಿಸುವವರಿಗೆ ಆಸ್ಪತ್ರೆಯಲ್ಲಿ ಗುರುವಾರ ಬಿಟ್ಟು ಬೇರೆ ದಿನವಿರಲಿಲ್ಲ. ಬಿತ್ತನೆ ಮುಗಿಯಲು ಇನ್ನೂ ಮೂರು ವಾರ ಬೇಕಿತ್ತು. ಮಚ್ಚೆ ಅಷ್ಟು ದಿನ ಸುಮ್ಮನಿರುತ್ತದೆಯೇ? ಊರ ಎಸ್‌ಟಿಡಿ ಬೂತಿಗೆ ಬಂದು ಮೇಡಂಗೆ ಫೋನು ಮಾಡಿ ಹೇಳಿದೆ.

“ಡಾಕ್ಟರರನ್ನ ಕೇಳತೇನಿ. ಬೂತ್ ಬಿಟ್ಟು ಅಲ್ಲಾಡಬ್ಯಾಡ,” ಎಂದರು.

ಅರ್ಧ ತಾಸಿನ ಮೇಲೆ ಫೋನು ಬಂತು. “ಬೈಕೋತ ಒಪ್ಪ್ಯಾರ. ನಾಳೆ ಹನ್ನೊಂದರೊಳಗ ಕರ್ಕೊಂಡು ಬಾ. ಉಳಿದ ಆರು ಮಂದೀನ್ನೂ ಈಗ ಕೇಳು, ಯಾವ ದಿನ ಆಕ್ಕೈತಿ ಅಂತ.” ಸಂಜೆವರೆಗೆ ಓಣಿ ಓಣಿ ತಿರುಗಿದೆ. ನಾಲ್ವರು ಸೋಮವಾರವನ್ನೇ ಹೇಳಿದರು. ಇಬ್ಬರು ಸಿಗಲಿಲ್ಲ. ರಾತ್ರಿ ಗಂಗವ್ವನ ಮನೆಯಲ್ಲೇ ಉಳಿದೆ.

ಸೋಮವಾರ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಧಾರವಾಡದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್. ಗಂಗವ್ವ ಇಳಕಲ್ ಸೀರೆ ಉಟ್ಟಿದ್ದಳು. “ಹುಬ್ಬಳ್ಳಿ ತೋರಸ್ತೇನಂತ ಹೇಳಿ ಮದಿವಿ ಮಾಡ್ಕೊಂಡಾರ್ರಿ ಅಕ್ಕಾರ. ಈಗ ದವಾಖಾನಿ ತೋರಸಾಕ ಹೊಂಟಾರ,” ಎಂದು ಗಂಡನನ್ನು ಕೆಣಕಿದಳು. ನವಲೂರು ದಾಟಿದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

ವೈದ್ಯರು ಮಚ್ಚೆಯ ಚೂರೊಂದನ್ನು ಪರೀಕ್ಷೆಗೆ ಕತ್ತರಿಸುವಾಗ ಆಕೆ ನನ್ನ ಮುಂಗೈಯನ್ನು ಬಳೆ ಒಡೆಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. “ಏನಂತ ಬರೋ ಸೋಮವಾರ ಗೊತ್ತಾಕ್ಕೈತಿ,” ಎಂದರು ವೈದ್ಯರು. “ಆದ್ರ ಏನ ಇರಲಿ, ಸಣ್ಣದೈತಿ. ಛಲೋ ಹೊತ್ತಿಗೆ ಬಂದೀರಿ. ತಂಬಾಕು ಮಾತ್ರ ಇವತ್ತ ಬಿಡಬೇಕು.” ಗಂಗವ್ವ ಎಲೆ ಅಡಿಕೆಯ ಚೀಲ ಬಿಚ್ಚಿ, ತಂಬಾಕನ್ನು ತೊಟ್ಟಿಗೆ ಸುರುವಿ, ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ, ಆಸ್ಪತ್ರೆಗೆ ಬಂದಿದ್ದ ಮೇಡಂ ಹೊರಗೆ ವೈದ್ಯರೊಡನೆ ವಾದಿಸಿದರು. ಬಿತ್ತನೆ ಮುಗಿಯುವವರೆಗೆ ಸೋಮವಾರವೂ ಬಾಯಿ ನೋಡುವುದೆಂದು ತೀರ್ಮಾನವಾಯಿತು.

ಮಧ್ಯಾಹ್ನ ಧಾರವಾಡದಲ್ಲಿ ಅವರನ್ನು ಹೆಬ್ಬಳ್ಳಿ ಬಸ್ಸಿಗೆ ಹತ್ತಿಸಿದೆ. ಬಾಯಲ್ಲಿ ಹತ್ತಿ ಇದ್ದ ಗಂಗವ್ವ ಕಿಟಕಿಯಿಂದ ಕೈ ಚಾಚಿ ಮೂರು ಬೆರಳು ತೋರಿಸಿದಳು. ನಿಂಗಪ್ಪ ಅವಳ ಹೆಗಲ ಮೇಲಿಂದ ಬಾಗಿ, “ಬರೋ ಸೋಮವಾರ ಮೂರು ಮಂದೀನ್ನ ಕರ್ಕೊಂಡು ಬರ್ತಾಳಂತ್ರಿ,” ಎಂದು ಕೂಗಿದ. ಯಾರ್ಯಾರೆಂದು ಕೇಳುವಷ್ಟರಲ್ಲಿ ಬಸ್ಸು ನಿಲ್ದಾಣ ದಾಟಿತ್ತು. ಬೆರಳುಗಳು ಇನ್ನೂ ಕಿಟಕಿಯ ಹೊರಗೇ ಇದ್ದವು.